ನಾಯಿಗೆ ಬಣ್ಣ ಬಳಿಯಬಹುದೇ?



ಮನೆಯ ನಾಯಿಗೆ ಬಣ್ಣ ಹಚ್ಚುವುದು ತಪ್ಪೇ? ಕುಟುಂಬ ಪುಟದಲ್ಲಿ ಇಂಥದೊಂದು ಪ್ರಶ್ನೆಯನ್ನು ಎತ್ತಿದರೆ, "ಬೇರೆ ವಿಷಯವೇ ಸಿಗಲಿಲ್ಲವೇ?" ಎಂದು ಹಿರಿಯರು ನಕ್ಕಾರು. ಅವರ ಕಾಲದಲ್ಲಿ ನಾಯಿ ಅಂಗಳದ ಪ್ರಾಣಿ. ರಾತ್ರಿ ಬೊಗಳುವುದು ಅದರ ಕೆಲಸ, ಮಿಕ್ಕ ರಾಗಿಮುದ್ದೆ ಅದರ ಊಟ. ಇಂದು ಹಾಗಿಲ್ಲ. ಅರಸೀಕೆರೆಯ ಪೇಟೆ ಮನೆಗಳಲ್ಲೂ ಬೇಲೂರಿನ ಕಡೆಯ ತೋಟದ ಮನೆಗಳಲ್ಲೂ ಜೂಲುಗೂದಲಿನ ಪುಟ್ಟ ನಾಯಿ ಸೋಫಾದ ಮೇಲೆ ಮಲಗಿರುತ್ತದೆ. ಮಕ್ಕಳು ಮೊಬೈಲಿನಲ್ಲಿ ಕಿವಿಗೆ ಗುಲಾಬಿ ಬಣ್ಣ, ಬಾಲಕ್ಕೆ ನೀಲಿ ಬಣ್ಣ, ಉಗುರಿಗೆ ಪಾಲಿಶ್ ಹಚ್ಚಿಸಿಕೊಂಡ ನಾಯಿಗಳನ್ನು ನೋಡುತ್ತಾರೆ. ಬೆಂಗಳೂರು ಮೈಸೂರುಗಳಲ್ಲಿ ನಾಯಿಗಳ ಕ್ಷೌರಕ್ಕೆಂದೇ ಅಂಗಡಿಗಳಿವೆ. "ನಮ್ಮ ನಾಯಿಗೂ ಹಚ್ಚೋಣವೇ ಅಪ್ಪಾ?" ಎಂದು ಮಗು ಕೇಳಿದಾಗ ಬೈದು ಸುಮ್ಮನಾಗಿಸುವುದು ಸುಲಭ. ಸರಿಯಾದ ಕಾರಣ ಹೇಳುವುದು ಕಷ್ಟ. ಆ ಕಾರಣವನ್ನು ನಾವು ಸೇರಿ ಹುಡುಕೋಣ.

ಹುಲಿಯಾದ ನಾಯಿ

ಈ ಪ್ರಶ್ನೆ ಪರದೇಶದ್ದಲ್ಲ. 2019ರ ಡಿಸೆಂಬರಿನಲ್ಲಿ ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನ ನಾಲೂರಿನ ಒಂದು ನಾಯಿಯ ಚಿತ್ರ ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಅಡಿಕೆ, ಕಾಫಿ ಬೆಳೆಯುವ ರೈತರೊಬ್ಬರ ನಾಯಿ ಅದು. ಮಂಗಗಳ ಕಾಟ ತಡೆಯಲಾರದೆ ಅವರು ಮೊದಲು ಹುಲಿಯ ಗೊಂಬೆಯನ್ನು ತೋಟದಲ್ಲಿ ನಿಲ್ಲಿಸಿದ್ದರು. ಭಟ್ಕಳದ ಕಡೆ ಯಾರೋ ಹಾಗೆ ಮಾಡಿದ್ದನ್ನು ಕಂಡು ಬಂದಿದ್ದರಂತೆ. ಗೊಂಬೆಗೆ ಮಂಗಗಳು ಹೆದರಿದವು. ಆದರೆ ಬಿಸಿಲಿಗೆ ಗೊಂಬೆಯ ಬಣ್ಣ ಮಾಸಿತು. ಆಗ ಅವರು ತಮ್ಮ ಕಂದು ಬಣ್ಣದ ನಾಯಿಯ ಮೈಮೇಲೆ ತಲೆಗೂದಲಿಗೆ ಹಚ್ಚುವ ಕಪ್ಪು ಡೈಯಿಂದ ಹುಲಿಯ ಪಟ್ಟೆಗಳನ್ನು ಬರೆದರು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಅದನ್ನು ತೋಟದಲ್ಲಿ ಸುತ್ತಾಡಿಸಿದರು. ಮಂಗಗಳು ಓಡಿದವು ಎಂದು ವರದಿಗಳು ಹೇಳಿದವು.

ಮಲೆನಾಡಿನವರಿಗೆ ಮಂಗನ ಕಾಟ ಏನೆಂದು ಹೇಳಬೇಕಾಗಿಲ್ಲ. ಏಲಕ್ಕಿ, ಬಾಳೆ, ಕಾಫಿ, ಎಳೆಯ ಅಡಿಕೆ ಯಾವುದನ್ನೂ ಅವು ಬಿಡುವುದಿಲ್ಲ. ಹೀಗೆ ಸಂಕಟದಲ್ಲಿದ್ದವನು ವಿಷವಿಡಲಿಲ್ಲ, ಗುಂಡು ಹೊಡೆಯಲಿಲ್ಲ, ಉರುಳು ಹಾಕಲಿಲ್ಲ. ನಾಯಿಗೆ ವೇಷ ಹಾಕಿದ. ಈ ಜಾಣತನಕ್ಕೆ ತಲೆದೂಗದೆ ಇರಲಾರೆ. ನಾಯಿ ಹೊಲ ಕಾಯುವುದು ಅದರ ಹಳೆಯ ಕಸುಬೇ. ಪಟ್ಟೆ ಬಳಿದದ್ದು ಆ ಕಸುಬಿಗೆ ಕೊಟ್ಟ ಸಮವಸ್ತ್ರ ಎನ್ನಬಹುದು.

ಆದರೂ ಒಂದು ಅಳುಕು ಉಳಿಯುತ್ತದೆ. ಅದು ಆ ರೈತರ ಉದ್ದೇಶದ ಬಗ್ಗೆ ಅಲ್ಲ, ಡಬ್ಬಿಯೊಳಗಿನ ಬಣ್ಣದ ಬಗ್ಗೆ. ಅದಕ್ಕೆ ಮುಂದೆ ಬರುತ್ತೇನೆ. ಈಗ ಗಮನಿಸಬೇಕಾದದ್ದು ಇಷ್ಟು: ಒಂದೇ ಬಣ್ಣ, ಒಂದೇ ನಾಯಿ, ಆದರೆ ಹಚ್ಚಿದ ಕಾರಣ ಬೇರೆಯಾದರೆ ನಮ್ಮ ತೀರ್ಪೂ ಬೇರೆಯಾಗುತ್ತದೆ. 2024ರಲ್ಲಿ ಚೀನಾದ ಜಿಯಾಂಗ್ಸು ಪ್ರಾಂತ್ಯದ ತೈಝೌ ಮೃಗಾಲಯದಲ್ಲಿ ಚೌ ಚೌ ಜಾತಿಯ ನಾಯಿಗಳಿಗೆ ಕಪ್ಪು ಬಿಳಿ ಬಣ್ಣ ಬಳಿದು ಪಾಂಡಾಗಳಂತೆ ಕಾಣುವ ಹಾಗೆ ಮಾಡಿ, ಜನರಿಗೆ ತೋರಿಸಿದರು. ಅಲ್ಲಿಯೂ ನಾಯಿ ಬೇರೆ ಪ್ರಾಣಿಯ ವೇಷ ಹಾಕಿತು. ನಾಲೂರಿನಲ್ಲಿ ಮೋಸಹೋದದ್ದು ಮಂಗ. ತೈಝೌನಲ್ಲಿ ಬೆರಗಾಗಿ ನಿಂತದ್ದು ಟಿಕೆಟ್ ಕೊಂಡು ಬಂದ ಮನುಷ್ಯ.

ಸಿಂಗರಿಸುವುದೇ ತಪ್ಪೇ?

"ಪ್ರಾಣಿಯನ್ನು ಅಲಂಕರಿಸುವುದೇ ತಪ್ಪು" ಎಂದು ಒಂದೇ ಮಾತಿನಲ್ಲಿ ಹೇಳುವವರಿದ್ದಾರೆ. ಹಾಗೆ ಹೇಳಿದರೆ ನಮ್ಮ ನಾಡಿನ ಅರ್ಧ ಹಬ್ಬಗಳನ್ನು ಅಳಿಸಬೇಕಾಗುತ್ತದೆ. ಹಾಸನ ಸೀಮೆಯಲ್ಲಿ ಸಂಕ್ರಾಂತಿಯ ದಿನ ದನಗಳನ್ನು ಕೆರೆಗೆ ಹೊಡೆದುಕೊಂಡು ಹೋಗಿ, ಮೈ ತೊಳೆದು, ಅರಿಶಿನ ಹಚ್ಚಿ, ಕೊಂಬಿಗೆ ಬಣ್ಣ ಬಳಿದು, ಕೊರಳಿಗೆ ಗೆಜ್ಜೆ ಕಟ್ಟಿ, ಸಂಜೆ ಕಿಚ್ಚು ಹಾಯಿಸುವುದನ್ನು ನೀವು ನೋಡಿದ್ದೀರಿ. ನಿಮ್ಮಲ್ಲಿ ಕೆಲವರ ಮನೆಯ ದನಗಳೂ ಆ ಸಾಲಿನಲ್ಲಿದ್ದವು. ಮೈಸೂರು ದಸರೆಯ ಜಂಬೂಸವಾರಿಯ ಆನೆಗಳ ಸೊಂಡಿಲಿನಿಂದ ಪಾದದವರೆಗೆ ಕಲಾವಿದರು ಹೂಬಳ್ಳಿಗಳನ್ನು ಬರೆಯುತ್ತಾರೆ. ಹಳೇಬೀಡಿನ ಗುಡಿಯ ಗೋಡೆಯ ತಳಪಟ್ಟಿಕೆಯಲ್ಲಿ ಸಾಲುಗಟ್ಟಿ ನಡೆಯುವ ಆನೆಗಳನ್ನು, ಮಂಟಪದಲ್ಲಿ ಮಲಗಿರುವ ದೊಡ್ಡ ನಂದಿಗಳನ್ನು ಒಮ್ಮೆ ನಿಂತು ನೋಡಿ. ಸರ, ಗಂಟೆ, ಹಣೆಪಟ್ಟಿಗಳ ಕೆತ್ತನೆ ಎಷ್ಟು ಸೂಕ್ಷ್ಮ! 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಪ್ರಾಣಿಗೆ ಒಡವೆ ತೊಡಿಸುವ ಆಸೆ ನಮ್ಮ ನೆಲದಲ್ಲಿ ಸುಮಾರು 900 ವರ್ಷಗಳಷ್ಟಾದರೂ ಹಳೆಯದು ಎಂಬುದಕ್ಕೆ ಆ ಕಲ್ಲುಗಳೇ ಸಾಕ್ಷಿ.

ಸಂಕ್ರಾಂತಿಯ ಸಿಂಗಾರದಲ್ಲಿ ಒಂದು ಗುಣವಿದೆ. ಅದು ವರ್ಷವಿಡೀ ದುಡಿದ ಎತ್ತಿಗೆ ಕೊಡುವ ಮರ್ಯಾದೆ. ಅಂದು ಅದರ ಹೆಗಲ ಮೇಲೆ ನೊಗ ಬೀಳುವುದಿಲ್ಲ. ಮೊದಲು ಮೀಯಿಸುತ್ತಾರೆ, ಹೊಟ್ಟೆ ತುಂಬ ತಿನ್ನಿಸುತ್ತಾರೆ, ಆಮೇಲೆ ಬಣ್ಣ. ಅರಿಶಿನ ನಾಲ್ಕು ದಿನದಲ್ಲಿ ಹೋಗುತ್ತದೆ. ಕೊಂಬಿನ ಹೊರಪದರಕ್ಕೆ ನಮ್ಮ ಉಗುರಿನಂತೆ ನೋವು ತಿಳಿಯದು. (ಕಿಚ್ಚು ಹಾಯಿಸುವ ಮಾತು ಬೇರೆ. ಬೆಂಕಿಗೆ ಹೆದರಿ ಹಿಂಜರಿಯುವ ಕರುವನ್ನು ಎಳೆದಾಡುವುದು ನನಗಂತೂ ಒಪ್ಪಿಗೆಯಿಲ್ಲ.) ಪಶುಗಳ ಪಾಲಕರೆಂದು ಕರೆಸಿಕೊಳ್ಳುವ ಮಠಾಧೀಶ ಸಂತ ಅಂತೋಣಿಯವರ ಹಬ್ಬ ಜನವರಿ 17ರಂದು, ಸಂಕ್ರಾಂತಿ ಮುಗಿದ ಎರಡು ಮೂರು ದಿನಕ್ಕೆ ಬರುತ್ತದೆ. ಆ ದಿನ ಅನೇಕ ದೇಶಗಳಲ್ಲಿ ಜನರು ತಮ್ಮ ಸಾಕುಪ್ರಾಣಿಗಳನ್ನು ದೇವಾಲಯದ ಅಂಗಳಕ್ಕೆ ಕರೆತಂದು ಗುರುಗಳಿಂದ ಆಶೀರ್ವಾದ ಪಡೆಯುತ್ತಾರೆ. ಧರ್ಮಸಭೆಯ ಆಶೀರ್ವಾದಗಳ ಪುಸ್ತಕದಲ್ಲಿ ಇದಕ್ಕೆ ವಿಧಿಯೇ ಇದೆ. ಅಂದು ನಾಯಿಯ ಕೊರಳಿಗೆ ಒಂದು ಹೂಮಾಲೆ ಹಾಕಿ ತಂದರೆ ಯಾವ ಗುರುಗಳೂ ಬೇಡವೆನ್ನಲಾರರು.

ಹಾಗಾದರೆ ಅಲಂಕಾರಕ್ಕೆ ಅಡ್ಡಿಯಿಲ್ಲ. ಅಡ್ಡಿ ಎಲ್ಲಿ ಆರಂಭವಾಗುತ್ತದೆ?

ಪವಿತ್ರ ಗ್ರಂಥ ಏನು ಹೇಳುತ್ತದೆ?

ನಾಯಿಗೆ ಬಣ್ಣ ಹಚ್ಚಬೇಡ ಎಂಬ ಆಜ್ಞೆ ಪವಿತ್ರ ಗ್ರಂಥದಲ್ಲಿ ಎಲ್ಲಿಯೂ ಇಲ್ಲ. ಕೆಲವರು ಮತ್ತಾಯನ ಶುಭಸಂದೇಶದ 5ನೆಯ ಅಧ್ಯಾಯವನ್ನು ತೋರಿಸಬಹುದು. ನಿನ್ನ ತಲೆಯ ಒಂದು ಕೂದಲನ್ನೂ ಬೆಳ್ಳಗೆ ಅಥವಾ ಕಪ್ಪಗೆ ಮಾಡಲು ನಿನ್ನಿಂದಾಗದು ಎಂಬ ಅರ್ಥದ ಮಾತನ್ನು ಯೇಸುಸ್ವಾಮಿ ಅಲ್ಲಿ ಹೇಳುತ್ತಾರೆ. ಯೆರೆಮೀಯನ 13ನೆಯ ಅಧ್ಯಾಯದಲ್ಲಿ ಚಿರತೆಯ ಚುಕ್ಕೆಗಳು ಬದಲಾಗಲಾರವೆಂಬ ಮಾತಿದೆ. ಆದರೆ ಮೊದಲನೆಯದು ಆಣೆಯಿಡುವವರಿಗೆ ಹೇಳಿದ್ದು, ಎರಡನೆಯದು ಕೆಟ್ಟದ್ದಕ್ಕೆ ಒಗ್ಗಿಹೋದ ಜನರಿಗೆ ಹೇಳಿದ್ದು. ಅವನ್ನು ಎಳೆದು ತಂದು ಬಣ್ಣದ ಡಬ್ಬಿಯ ಮೇಲೆ ಅಂಟಿಸುವುದು ನ್ಯಾಯವಲ್ಲ. ಆ ಲೆಕ್ಕದಲ್ಲಿ ತಲೆಗೂದಲಿಗೆ ಕಪ್ಪು ಹಚ್ಚಿಕೊಂಡು ಪೂಜೆಗೆ ಬರುವ ನಮ್ಮಲ್ಲಿ ಎಷ್ಟೋ ಮಂದಿ ದೇವಾಲಯದ ಹೊರಗೆ ನಿಲ್ಲಬೇಕಾದೀತು!

ನಮಗೆ ದಾರಿ ತೋರುವ ಮಾತು ಜ್ಞಾನೋಕ್ತಿಗಳ ಗ್ರಂಥದ 12ನೆಯ ಅಧ್ಯಾಯದ 10ನೆಯ ವಚನದಲ್ಲಿದೆ. ಸಜ್ಜನನು ತನ್ನ ಪಶುವಿನ ಪ್ರಾಣದ ಬಗ್ಗೆ ಲಕ್ಷ್ಯವಿಡುತ್ತಾನೆ ಎಂಬುದು ಅದರ ತಾತ್ಪರ್ಯ. ಮೂಲ ಹೀಬ್ರೂ ಭಾಷೆಯಲ್ಲಿ ಇಲ್ಲಿ ಬರುವ ಕ್ರಿಯಾಪದದ ಅರ್ಥ 'ಅರಿಯುವುದು'. ತನ್ನ ಪಶುವಿನ ಜೀವವನ್ನು, ಅದರ ಒಳಗನ್ನು ಅರಿತವನು ಸಜ್ಜನ. ಪಶುವನ್ನು ಪ್ರೀತಿಸುತ್ತಾನೆ, ಮುದ್ದಿಸುತ್ತಾನೆ ಎಂದು ಅಲ್ಲಿ ಹೇಳಿಲ್ಲ. ಅರಿಯುತ್ತಾನೆ ಎಂದು ಹೇಳಿದೆ. ಮುದ್ದು ನಮ್ಮ ಮನಸ್ಸಿನ ಸುಖಕ್ಕೆ ಸಂಬಂಧಿಸಿದ್ದು. ಅರಿವಾದರೆ ಎದುರಿಗಿರುವ ಜೀವಕ್ಕೆ ಏನು ಬೇಕು, ಏನು ಬೇಡ ಎಂದು ನೋಡುತ್ತದೆ. ಇಡೀ ಪ್ರಶ್ನೆ ಇದೊಂದು ಪದದ ಮೇಲೆ ನಿಂತಿದೆ ಎಂದು ನನಗೆ ತೋರುತ್ತದೆ.

ತೋಬಿತನ ಗ್ರಂಥದಲ್ಲಿ ಒಂದು ನಾಯಿ ಬರುತ್ತದೆ. ತೋಬಿತನ ಮಗ ದೇವದೂತ ರಫಾಯೇಲನ ಜೊತೆ ಪ್ರಯಾಣ ಹೊರಟಾಗ ಅದು ಹಿಂದೆ ಹೋಗುತ್ತದೆ (6ನೆಯ ಅಧ್ಯಾಯ), ಮರಳಿ ಬರುವಾಗಲೂ ಹಿಂದೆಯೇ ಬರುತ್ತದೆ (11ನೆಯ ಅಧ್ಯಾಯ). ಕತೆಯಲ್ಲಿ ಅದಕ್ಕೆ ಬೇರೆ ಕೆಲಸವಿಲ್ಲ. ಹೆಸರೂ ಇಲ್ಲ. ಹೋಯಿತು, ಬಂತು, ಅಷ್ಟೆ. ಆದರೂ ಗ್ರಂಥಕರ್ತನು ಅದನ್ನು ಬಿಡದೆ ಬರೆದ. ನಾಯಿ ಸಾಕಿದವರಿಗೆ ಇದರ ಅರ್ಥ ಬೇರೆ ಯಾರೂ ವಿವರಿಸಬೇಕಾಗಿಲ್ಲ.

ನಾಯಿಯ ಕಡೆಯಿಂದ ನೋಡಿದರೆ

ಅರಿಯುವುದೆಂದರೆ ಏನೆಂದು ಸ್ವಲ್ಪ ವಿವರವಾಗಿ ನೋಡೋಣ. ಬೇಲೂರಿನ ಮದನಿಕೆಯರಲ್ಲಿ ಕನ್ನಡಿ ಹಿಡಿದ ದರ್ಪಣ ಸುಂದರಿ ಎಲ್ಲರಿಗೂ ಗೊತ್ತು. ಮನುಷ್ಯ ಸಿಂಗರಿಸಿಕೊಳ್ಳುವುದು ಕನ್ನಡಿ ಇರುವುದರಿಂದ, ನೋಡುವವರು ಇರುವುದರಿಂದ. ನಾಯಿಗೆ ಕನ್ನಡಿ ತೋರಿಸಿದರೆ ಒಳಗಿರುವುದು ತಾನೆಂದು ಅದಕ್ಕೆ ತಿಳಿಯುವುದಿಲ್ಲ. ಮೊದಲು ಬೊಗಳುತ್ತದೆ ಅಥವಾ ಹಿಂದೆ ಯಾರಿದ್ದಾರೆಂದು ನೋಡುತ್ತದೆ, ಆಮೇಲೆ ಕಡೆಗಣಿಸುತ್ತದೆ. ಬಣ್ಣಗಳ ವಿಷಯದಲ್ಲಿಯೂ ಹಾಗೆಯೇ. ನಮ್ಮ ಕಣ್ಣಿನಲ್ಲಿ ಬಣ್ಣ ಗುರುತಿಸುವ ಕೋಶಗಳು ಮೂರು ಬಗೆ, ನಾಯಿಯ ಕಣ್ಣಿನಲ್ಲಿ ಎರಡೇ ಬಗೆ. ನೀಲಿ, ಹಳದಿ ಅದಕ್ಕೆ ಕಾಣುತ್ತವೆ. ಕೆಂಪು, ಹಸಿರು ಮಾಸಲಾಗಿ ಒಂದರಂತೆ ಇನ್ನೊಂದು ಕಾಣುತ್ತವೆ. ಆದುದರಿಂದ ನೀವು ಕಾಸು ಕೊಟ್ಟು ಹಚ್ಚಿಸಿದ ಗುಲಾಬಿ ಬಣ್ಣದ ಕಿವಿ ನಾಯಿಯ ಪಾಲಿಗೆ ಗುಲಾಬಿಯೇ ಅಲ್ಲ.

ಆದರೆ ಅದಕ್ಕೆ ವಾಸನೆ ತಿಳಿಯುತ್ತದೆ. ನಾಯಿ ಲೋಕವನ್ನು ಅರಿಯುವುದು ಮೂಗಿನಿಂದ. ತನ್ನ ಮೈಯ ವಾಸನೆಯೇ ಅದರ ಗುರುತಿನ ಚೀಟಿ. ಡೈ, ಅತ್ತರು, ಘಾಟಿನ ಶಾಂಪೂ ಹಚ್ಚಿದ ಮೇಲೆ ನಾಯಿ ಮಣ್ಣಿನಲ್ಲಿ, ಕೆಲವೊಮ್ಮೆ ಸಗಣಿಯಲ್ಲಿಯೇ ಹೊರಳಾಡುವುದನ್ನು ಕಂಡು ಮನೆಯವರು ಸಿಟ್ಟಾಗುತ್ತಾರೆ. ಆ ಘಾಟು ಅದಕ್ಕೆ ಬೇಡವಾಗಿದೆ ಎಂದು ನಾವು ಅರ್ಥಮಾಡಿಕೊಳ್ಳಬೇಕು.

ಇನ್ನು ಚರ್ಮ. ನಾಯಿಯ ಮೈಮೇಲೆ ದಟ್ಟವಾಗಿ ಕೂದಲಿರುವುದರಿಂದ ಚರ್ಮವೂ ದಪ್ಪವೆಂದು ನಾವು ತಿಳಿಯುತ್ತೇವೆ. ನಿಜ ಸಂಗತಿ ಬೇರೆ. ಅದರ ಹೊರಚರ್ಮ ನಮ್ಮದಕ್ಕಿಂತ ತೆಳು. ನಮ್ಮ ಚರ್ಮ ಸ್ವಲ್ಪ ಆಮ್ಲೀಯ, ನಾಯಿಯದು ಅಷ್ಟಿಲ್ಲ. ಅದಕ್ಕೇ ನಮ್ಮ ಸೋಪು, ಶಾಂಪೂಗಳೂ ಅದಕ್ಕೆ ಒಗ್ಗುವುದಿಲ್ಲ. ಮನುಷ್ಯರ ಹೇರ್ ಡೈಯಲ್ಲಿ ಸಾಮಾನ್ಯವಾಗಿ ಅಮೋನಿಯಾ, ಹೈಡ್ರೋಜನ್ ಪೆರಾಕ್ಸೈಡ್, ಪ್ಯಾರಾಫಿನಿಲೀನ್ ಡಯಮೀನ್ ಎಂಬ ರಾಸಾಯನಿಕಗಳಿರುತ್ತವೆ. ಕಡೆಯದನ್ನು ವೈದ್ಯರು ಚಿಕ್ಕದಾಗಿ ಪಿಪಿಡಿ ಎನ್ನುತ್ತಾರೆ. ಹೇರ್ ಡೈ ನುಂಗಿ ಆಸ್ಪತ್ರೆಗೆ ಬರುವವರನ್ನು ನೋಡಿದ ನಮ್ಮ ನಾಡಿನ ವೈದ್ಯರಿಗೆ ಈ ಪಿಪಿಡಿ ಚೆನ್ನಾಗಿ ಗೊತ್ತು. ಗಂಟಲು ಊದಿಕೊಂಡು ಉಸಿರು ಕಟ್ಟುತ್ತದೆ, ಸ್ನಾಯುಗಳು ಹಾಳಾಗಿ ಮೂತ್ರಪಿಂಡ ಕೆಡುತ್ತದೆ. ಬೇಗ ಕಪ್ಪಾಗುವ 'ಕಪ್ಪು ಮೆಹಂದಿ'ಯ ಪೊಟ್ಟಣಗಳಲ್ಲಿಯೂ ಎಷ್ಟೋ ವೇಳೆ ಇರುವುದು ಇದೇ. ನಾವು ಡೈ ಹಚ್ಚಿಕೊಂಡು ಅರ್ಧ ಗಂಟೆ ಕುಳಿತು ತೊಳೆದುಕೊಳ್ಳುತ್ತೇವೆ. ನಾಯಿ ಕುಳಿತಲ್ಲಿ ಕುಳಿತಿರುವುದಿಲ್ಲ, ಮೈ ನೆಕ್ಕಿಕೊಳ್ಳುತ್ತದೆ. ಹಸಿ ಬಣ್ಣ ಹೊಟ್ಟೆಗೆ ಹೋಗುತ್ತದೆ, ಕಣ್ಣಿಗೆ ಇಳಿಯುತ್ತದೆ.

2017ರಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ ಒಂದು ಪುಟ್ಟ ಬಿಳಿ ನಾಯಿಗೆ ಯಾರೋ ನೇರಳೆ ಬಣ್ಣದ ಹೇರ್ ಡೈ ಬಳಿದರು. ಪ್ರಾಣಿಗಳ ಆರೈಕೆ ಕೇಂದ್ರಕ್ಕೆ ಬರುವ ಹೊತ್ತಿಗೆ ಅದರ ಮೈ ಸುಟ್ಟಂತಾಗಿ ಕಣ್ಣುಗಳು ಊದಿ ಮುಚ್ಚಿಹೋಗಿದ್ದವು. ಚರ್ಮ ಕಳಚಿ ಬಂತು. ತಿಂಗಳುಗಟ್ಟಲೆ ಚಿಕಿತ್ಸೆಯ ಮೇಲೆ ಬದುಕಿತು. ಹಚ್ಚಿದವರಿಗೆ ಅದನ್ನು ಕೊಲ್ಲುವ ಮನಸ್ಸು ಇದ್ದಿರಲಾರದು. ಚೆಂದ ಮಾಡುವ ಮನಸ್ಸೇ ಇದ್ದಿರಬೇಕು. ನಾಲೂರಿನ ಹುಲಿಪಟ್ಟೆಯ ಬಗ್ಗೆ ನನಗಿದ್ದ ಅಳುಕು ಇದೇ. ಆ ನಾಯಿಗೆ ಕೇಡಾಯಿತೆಂದು ಯಾವ ವರದಿಯೂ ಹೇಳಲಿಲ್ಲ. ಬಣ್ಣ ಹೆಚ್ಚಾಗಿ ಕೂದಲಿಗೇ ಹತ್ತಿ ಚರ್ಮಕ್ಕೆ ಇಳಿಯದಿದ್ದರೆ ನಾಯಿ ಪಾರಾಗುತ್ತದೆ. ಆದರೆ ಹತ್ತು ಜನ ಅದನ್ನು ನೋಡಿ ಮಾಡಿದರೆ ಹತ್ತೂ ನಾಯಿಗಳು ಪಾರಾಗುತ್ತವೆಂದು ಹೇಳುವ ಹಾಗಿಲ್ಲ. ಕಾರಣ ಒಳ್ಳೆಯದಾದರೂ ಸಾಧನವನ್ನು ವಿಚಾರಿಸಬೇಕು ಎಂಬುದು ನಮ್ಮ ನೀತಿಶಾಸ್ತ್ರದ ಹಳೆಯ ಪಾಠ.

"ಪ್ರಾಣಿಗಳಿಗೆಂದೇ ಮಾಡಿದ, ವಿಷವಿಲ್ಲದ ಬಣ್ಣಗಳಿವೆಯಲ್ಲ?" ಎಂದು ನೀವು ಕೇಳಬಹುದು. ಇವೆ. ತರಕಾರಿಯಿಂದ ತೆಗೆದ ಬಣ್ಣಗಳು, ತೊಳೆದರೆ ಹೋಗುವ ಸೀಮೆಸುಣ್ಣದಂಥ ಬಣ್ಣಗಳು ಇವೆ. ಅವುಗಳಿಂದ ಚರ್ಮ ಸುಡುವುದಿಲ್ಲ. ಆಗ ಉಳಿಯುವುದು ಇನ್ನೊಂದು ಪ್ರಶ್ನೆ: ಗಂಟೆಗಟ್ಟಲೆ ಮೇಜಿನ ಮೇಲೆ, ಕೊರಳಿಗೆ ಹಗ್ಗ ಹಾಕಿ ನಿಲ್ಲಿಸುವುದನ್ನು ನಿಮ್ಮ ನಾಯಿ ಸಹಿಸುತ್ತದೆಯೇ? ಕೆಲವು ನಾಯಿಗಳು ಮೈ ಸವರಿಸಿಕೊಳ್ಳುವುದೇ ಸುಖವೆಂದು ಕಣ್ಣು ಮುಚ್ಚುತ್ತವೆ. ಆದರೆ ಅಲುಗದೆ ನಿಂತ ಮಾತ್ರಕ್ಕೆ ಒಪ್ಪಿಗೆಯಿದೆ ಎಂದು ತಿಳಿಯಬೇಡಿ. ನಿದ್ದೆ ಬಾರದಿದ್ದರೂ ಮತ್ತೆ ಮತ್ತೆ ಆಕಳಿಸುವುದು, ಮುಂದೆ ತಿನಿಸಿಲ್ಲದಿದ್ದರೂ ತುಟಿ ನೆಕ್ಕುವುದು, ಮುಖ ತಿರುಗಿಸುವುದು, ಕಣ್ಣಿನ ಬಿಳಿಭಾಗ ಅರ್ಧಚಂದ್ರದಂತೆ ಕಾಣುವುದು, ಕಿವಿ ಹಿಂದಕ್ಕೆ ಒತ್ತುವುದು, ಬಾಲ ಹೊಟ್ಟೆಯಡಿ ಸೇರುವುದು ಇವೆಲ್ಲ ಹೆದರಿದ ನಾಯಿಯ ಮಾತು. ಮೊಬೈಲಿನಲ್ಲಿ ಓಡುವ ಆ ತಮಾಷೆಯ ಚಿತ್ರಗಳನ್ನು ಇನ್ನೊಮ್ಮೆ ಮಕ್ಕಳ ಜೊತೆ ಕುಳಿತು ನೋಡಿ, ಬಣ್ಣ ಬಿಟ್ಟು ನಾಯಿಯ ಕಣ್ಣು, ಬಾಲಗಳನ್ನು ಗಮನಿಸಲು ಹೇಳಿ. ನಗು ತಾನಾಗಿ ಕಡಿಮೆಯಾಗುತ್ತದೆ.

ಕ್ಷೌರ ಬೇರೆ, ಬಣ್ಣ ಬೇರೆ

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ನಾಯಿಯ ಕೂದಲು ಬಾಚುವುದು, ಉಗುರು ಕತ್ತರಿಸುವುದು, ಕಿವಿ ಶುಚಿ ಮಾಡುವುದು ಶೋಕಿಯಲ್ಲ. ಪಾಮೇರಿಯನ್, ಶಿ ತ್ಸು, ಪೂಡಲ್‌ನಂಥ ನಾಯಿಗಳನ್ನು ತಂದವರು ಅವುಗಳ ಕೂದಲಿನ ಜವಾಬ್ದಾರಿಯನ್ನೂ ಹೊತ್ತು ತಂದಿರುತ್ತಾರೆ. ಬಾಚದೆ ಬಿಟ್ಟರೆ ಕೂದಲು ಜಡೆಗಟ್ಟಿ ಚರ್ಮವನ್ನು ಎಳೆಯುತ್ತದೆ, ಅಡಿಯಲ್ಲಿ ಹುಣ್ಣಾಗುತ್ತದೆ, ಉಣ್ಣಿ ಸೇರುತ್ತದೆ. ಬೆಳೆದ ಉಗುರು ಸುತ್ತಿಕೊಂಡು ಪಾದಕ್ಕೇ ಚುಚ್ಚುತ್ತದೆ. ಪೂಡಲ್‌ನ ವಿಚಿತ್ರ ಕ್ಷೌರವೂ ಮೊದಲು ಕೆಲಸಕ್ಕೆಂದೇ ಬಂದದ್ದು ಎನ್ನುತ್ತಾರೆ. ಅದು ನೀರಿನಿಂದ ಬೇಟೆಯ ಬಾತನ್ನು ಎತ್ತಿ ತರುವ ನಾಯಿ. ಈಜಲು ಹಗುರವಾಗಲೆಂದು ಕೂದಲು ಕತ್ತರಿಸಿ, ಎದೆಗೂ ಕೀಲುಗಳಿಗೂ ಚಳಿಯಾಗದಂತೆ ಅಲ್ಲಿ ಮಾತ್ರ ಬಿಡುತ್ತಿದ್ದರಂತೆ. ಕೆಲಸ ಹೋಯಿತು, ಕ್ಷೌರ ಉಳಿಯಿತು!

ಅರಸೀಕೆರೆಯ ಕಡೆ ಬಯಲು ಬಿಸಿಲು. ಬೇಸಿಗೆಯಲ್ಲಿ ನಾಯಿಯನ್ನು ಪೂರ್ತಿ ಬೋಳಿಸಿದರೆ ತಂಪಾಗುತ್ತದೆಂದು ಹಲವರು ನಂಬಿದ್ದಾರೆ. ಪಾಮೇರಿಯನ್, ಜರ್ಮನ್ ಶೆಫರ್ಡ್‌ನಂಥ ಎರಡು ಪದರದ ಕೂದಲಿನ ನಾಯಿಗಳಿಗೆ ಇದು ಸಲ್ಲದು. ಆ ಕೂದಲೇ ಅವಕ್ಕೆ ಬಿಸಿಲಿನ ಕೊಡೆ. ನಾಯಿ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ನಾಲಿಗೆ ಚಾಚಿ ಏದುಸಿರು ಬಿಟ್ಟು ಬಿಸಿ ಕಳೆದುಕೊಳ್ಳುತ್ತದೆ. ಅದಕ್ಕೆ ಬೇಕಾದದ್ದು ತೆಂಗಿನ ತೋಟದ ನೆರಳು ಮತ್ತು ಒಂದು ಬೋಗುಣಿ ನೀರು. ನಮ್ಮದೇ ನಾಡಿನ ಮುಧೋಳ ನಾಯಿಯನ್ನು ನೋಡಿ. 2005ರಲ್ಲಿ ಅಂಚೆಚೀಟಿಯ ಮೇಲೂ ಬಂದ ತಳಿ ಅದು. ಗಿಡ್ಡ ಕೂದಲು, ತೆಳ್ಳನೆ ಮೈ. ಕತ್ತರಿಯೂ ಬೇಡ, ಬಣ್ಣವೂ ಬೇಡ.

ಬಣ್ಣಕ್ಕಿಂತ ಕ್ರೂರವಾದ ಅಲಂಕಾರವೊಂದಿದೆ. ಅದು ಚೆಂದಕ್ಕಾಗಿ ಬಾಲ ಕತ್ತರಿಸುವುದು, ನಿಮಿರಿ ನಿಲ್ಲಲೆಂದು ಕಿವಿ ಕೊಯ್ಯುವುದು. ಡಾಬರ್‌ಮನ್ ಮರಿ ತರುವವರು ಇದನ್ನು ಸಹಜವೆಂದೇ ತಿಳಿದಿದ್ದಾರೆ. ನಾಯಿ ಮಾತಾಡುವುದು ಬಾಲದಿಂದ, ಕಿವಿಯಿಂದ. ಅದನ್ನೇ ಕೊಯ್ದರೆ ಅರ್ಧ ಮೂಕವಾಗುತ್ತದೆ. ಬಣ್ಣ ಕೂದಲಿನೊಂದಿಗೆ ಉದುರಿ ಹೋಗುತ್ತದೆ, ಕೊಯ್ದ ಕಿವಿ ಮರಳಿ ಬರುವುದಿಲ್ಲ. 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯಿದೆಯ 11ನೆಯ ಕಲಮಿನಲ್ಲಿ ಪ್ರಾಣಿಯ ಅಂಗಚ್ಛೇದನವೂ, ಕಾರಣವಿಲ್ಲದೆ ಹಾನಿಕರ ವಸ್ತುವನ್ನು ಕೊಡುವುದೂ ಅಪರಾಧ. ಜೀವಿಗಳ ಮೇಲೆ ದಯೆ ತೋರುವುದು ಪ್ರಜೆಯ ಕರ್ತವ್ಯವೆಂದು 1976ರ ತಿದ್ದುಪಡಿ ನಮ್ಮ ಸಂವಿಧಾನಕ್ಕೇ ಸೇರಿಸಿದೆ.

ಹಣದ ಮಾತು, ಸರಪಳಿಯ ಮಾತು

1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ 2415ರಿಂದ 2418ರವರೆಗಿನ ಪರಿಚ್ಛೇದಗಳಲ್ಲಿ ಪ್ರಾಣಿಗಳ ವಿಷಯವನ್ನು ಹೇಳುತ್ತದೆ. ಪ್ರಾಣಿಗಳು ದೇವರ ಸೃಷ್ಟಿ, ಅವುಗಳಿಗೆ ನಾವು ಕರುಣೆಯ ಋಣಿಗಳು. ಅನಗತ್ಯವಾಗಿ ಅವುಗಳನ್ನು ನೋಯಿಸುವುದು ನಮ್ಮ ಮನುಷ್ಯತ್ವಕ್ಕೇ ಕುಂದು. ಅದೇ ಉಸಿರಿನಲ್ಲಿ ಇನ್ನೊಂದು ಮಾತೂ ಇದೆ. ಮನುಷ್ಯರ ಸಂಕಟ ನೀಗಲು ಮೊದಲು ಸಲ್ಲಬೇಕಾದ ಹಣವನ್ನು ಪ್ರಾಣಿಗಳ ಮೇಲೆ ಸುರಿಯುವುದು, ಮನುಷ್ಯರಿಗೆ ಮಾತ್ರ ಸಲ್ಲಬೇಕಾದ ಮಮತೆಯನ್ನು ಅವುಗಳಿಗೆ ಕೊಡುವುದು ಸಹ ಉಚಿತವಲ್ಲ. ಲೂಕನ 16ನೆಯ ಅಧ್ಯಾಯದಲ್ಲಿ ಐಶ್ವರ್ಯವಂತನ ಬಾಗಿಲಲ್ಲಿ ಬಿದ್ದಿದ್ದ ಲಾಜರನ ಹುಣ್ಣುಗಳನ್ನು ನೆಕ್ಕಿದ್ದು ನಾಯಿಗಳು. ಒಳಗಿದ್ದವನು ಹೊರಗೆ ಬಂದು ನೋಡಲಿಲ್ಲ. ನಾಯಿಯ ಕ್ಷೌರಕ್ಕೆ ಸಾವಿರಾರು ರೂಪಾಯಿ ಕೊಟ್ಟು, ಮನೆಗೆಲಸದವಳು ಮಗುವಿನ ಶಾಲೆಯ ಶುಲ್ಕಕ್ಕೆ ಮುಂಗಡ ಕೇಳಿದಾಗ ಮುಖ ತಿರುಗಿಸುವ ಮನೆಯಲ್ಲಿ ಆ ಸಾಮತಿ ಇಂದೂ ನಡೆಯುತ್ತಿದೆ.

ಇದನ್ನೇ ಹಿಡಿದು "ನಾಯಿಗೆ ಯಾಕೆ ಖರ್ಚು" ಎನ್ನುವವರೂ ಇದ್ದಾರೆ. ಅವರಿಗೂ ಒಂದು ಮಾತು. ಗುಲಾಬಿ ಬಣ್ಣದ ನಾಯಿಯನ್ನು ಕಂಡು ಮೂಗು ಮುರಿಯುವ ನಮ್ಮಲ್ಲಿ ಎಷ್ಟು ಮನೆಗಳ ಹಿತ್ತಲಲ್ಲಿ ಎರಡು ಮೊಳದ ಸರಪಳಿಗೆ ಕಟ್ಟಿದ ನಾಯಿ ವರ್ಷಗಟ್ಟಲೆ ಅದೇ ಜಾಗದಲ್ಲಿ ಸುತ್ತುತ್ತಿದೆ? ಮಳೆಗಾಲದಲ್ಲಿ ನೆನೆಯುತ್ತದೆ, ಬಿಸಿಲಿನಲ್ಲಿ ಬೇಯುತ್ತದೆ. ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಲು ಪಶು ಆಸ್ಪತ್ರೆಯವರೆಗೆ ಹೋಗಲು ಪುರಸೊತ್ತಿಲ್ಲ. ಚಿರತೆಯ ಓಡಾಟವಿರುವ ಊರುಗಳಲ್ಲಿ ಕಟ್ಟಿದ ನಾಯಿ ತಪ್ಪಿಸಿಕೊಳ್ಳಲೂ ಆಗದೆ ಬೆಳಗಾಗುವಷ್ಟರಲ್ಲಿ ಸರಪಳಿ ಮಾತ್ರ ಉಳಿದಿರುತ್ತದೆ. ನನ್ನ ಎಣಿಕೆಯಲ್ಲಿ ತೊಳೆದರೆ ಹೋಗುವ ಬಣ್ಣ ಹಚ್ಚಿಸಿಕೊಂಡು ಮನೆಯೊಳಗೆ ಮಲಗುವ ನಾಯಿಯ ಒಡೆಯನಿಗಿಂತ ಇವನ ಲೆಕ್ಕ ದೊಡ್ಡದು.

ಆತಕೂರಿನ ಶಾಸನದ ಕತೆಯನ್ನು ಮಕ್ಕಳಿಗೆ ಹೇಳಿ. ಸುಮಾರು 950ರಲ್ಲಿ ಗಂಗರ ಬೂತುಗನ ವೀರ ಮಣಲೇರನ ಬಳಿ ಕಾಳಿ ಎಂಬ ಬೇಟೆನಾಯಿಯಿತ್ತು. ರಾಷ್ಟ್ರಕೂಟ ಕೃಷ್ಣನಿಂದ ಬಹುಮಾನವಾಗಿ ಕೇಳಿ ಪಡೆದ ನಾಯಿ. ಅದು ದೊಡ್ಡ ಕಾಡುಹಂದಿಯೊಂದಿಗೆ ಹೋರಾಡಿ, ಎರಡೂ ಸತ್ತವು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಅದಕ್ಕೆ ಕಲ್ಲು ನಿಲ್ಲಿಸಿದರು, ಭೂಮಿ ಬಿಟ್ಟರು. ಆ ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ನಾಯಿಯೂ ಹಂದಿಯೂ ಸೆಣಸುತ್ತಿರುವ ಚಿತ್ರ ಅದರಲ್ಲಿದೆ. ಕಾಳಿಗೆ ಅಲ್ಲಿ ಒಡವೆಯ ಗೌರವವಲ್ಲ, ಅದು ಏನಾಗಿತ್ತೋ ಅದರ ಗೌರವ.

ಬಣ್ಣದ ಮರಿಗಳು

ನಾಯಿಯ ಮಾತಾಡುತ್ತ ಕೋಳಿಮರಿಗಳನ್ನು ಮರೆಯುವಂತಿಲ್ಲ. ಜಾತ್ರೆ ಸಂತೆಗಳಲ್ಲಿ ಹಸಿರು, ಗುಲಾಬಿ, ನೀಲಿ ಬಣ್ಣದ ಮರಿಗಳನ್ನು ಬುಟ್ಟಿಯಲ್ಲಿಟ್ಟು ಮಾರುತ್ತಾರೆ. ಮೊಟ್ಟೆಕೋಳಿಯ ಕೇಂದ್ರಗಳಿಗೆ ಹುಂಜದ ಮರಿ ಬೇಡ. ಆ ಬೇಡದ ಮರಿಗಳನ್ನೇ ಬಣ್ಣದಲ್ಲಿ ಅದ್ದಿ ಮಕ್ಕಳಿಗೆ ಮಾರುವುದು. ತಾಯಿಯ ಕಾವಿಲ್ಲದೆ ಹೆಚ್ಚಿನವು ನಾಲ್ಕು ದಿನ ಬದುಕುವುದಿಲ್ಲ. ಮಗು ಅಳುತ್ತದೆ, ಮರುವರ್ಷ ಇನ್ನೊಂದು ಕೊಳ್ಳುತ್ತದೆ. ಜೀವವೆಂದರೆ ಕೊಂಡು, ಆಡಿ, ಬಿಸಾಡುವ ವಸ್ತು ಎಂಬ ಪಾಠವನ್ನು ಹತ್ತು ಇಪ್ಪತ್ತು ರೂಪಾಯಿಗೆ ನಾವೇ ಕಲಿಸುತ್ತೇವೆ. ಇದನ್ನು ಮಾತ್ರ ಕೊಳ್ಳಲೇಬೇಡಿ. ಇದರಲ್ಲಿ ಎರಡು ಮಾತಿಲ್ಲ.

ಬಣ್ಣ ನಾವು ಬಳಿಯದಿದ್ದರೂ ಹತ್ತುವುದುಂಟು. 2017ರ ಆಗಸ್ಟಿನಲ್ಲಿ ನವಿ ಮುಂಬೈ ಬಳಿಯ ತಳೋಜಾದಲ್ಲಿ ಬೀದಿನಾಯಿಗಳು ನೀಲಿಯಾಗಿ ಓಡಾಡತೊಡಗಿದವು. ನೀಲಿ ತೊಟ್ಟಿಗೆ ಬಿದ್ದ ನರಿಯ ಕತೆ ಓದಿದ ನಮಗೆ ತಮಾಷೆಯೆನಿಸಬಹುದು. ಆದರೆ ಅದು ಕಾರ್ಖಾನೆಯೊಂದರ ಬಣ್ಣ. ಅಲ್ಲಿನ ಕಾಸಾಡಿ ನದಿಗೂ ಕಾರ್ಖಾನೆಗಳ ಕೊಳಕು ಸೇರುತ್ತಿತ್ತು. ಮಾಲಿನ್ಯ ನಿಯಂತ್ರಣ ಮಂಡಳಿ ಬಂದು ಕಾರ್ಖಾನೆಯನ್ನು ಮುಚ್ಚಿಸಿತು. ನಾಯಿಗಳ ಮೈ ನೀಲಿಯಾಗದಿದ್ದರೆ ಇಷ್ಟು ಜನರ ಕಣ್ಣು ಅತ್ತ ತಿರುಗುತ್ತಿರಲಿಲ್ಲ.

ಈಗ ಮಗುವಿನ ಪ್ರಶ್ನೆಗೆ ಏನು ಹೇಳೋಣ? "ಬಣ್ಣ ಬೇಡ ಮಗು, ಅದು ನಮಗೆ ಮಾತ್ರ ಕಾಣುತ್ತದೆ, ಅದರ ಘಾಟು ಮಾತ್ರ ನಾಯಿಗೆ" ಎನ್ನಿ. ಬಾಚಣಿಗೆಯನ್ನು ಮಗುವಿನ ಕೈಗೆ ಕೊಡಿ. ಹಬ್ಬದ ದಿನ ಒಂದು ಹೊಸ ಕೊರಳಪಟ್ಟಿಯೋ ಸೇವಂತಿಗೆಯ ಮಾಲೆಯೋ ಇರಲಿ, ಅದು ತಲೆ ಕೊಡವಿ ಬೇಡವೆಂದರೆ ತೆಗೆದುಬಿಡಿ. ತೋಟ ಕಾಯಲು ಹುಲಿಪಟ್ಟೆ ಬೇಕೇಬೇಕೆಂದರೆ ಡೈ ಡಬ್ಬಿ ತೆರೆಯುವ ಮುನ್ನ ಪಶುವೈದ್ಯರನ್ನು ಕೇಳಿ.

ಇಷ್ಟೆಲ್ಲ ಹೇಳಿದರೂ ಹೋಳಿಯ ದಿನವೋ ಮನೆಗೆ ಸುಣ್ಣಬಣ್ಣ ಮಾಡಿಸುವಾಗಲೋ ನಾಯಿಯ ಮೈಗೆ ಬಣ್ಣ ಬೀಳುತ್ತದೆ. ಒಣ ಪುಡಿಯಾದರೆ ಮೊದಲು ಬಟ್ಟೆಯಿಂದ ಕೊಡವಿ, ಆಮೇಲೆ ಉಗುರುಬೆಚ್ಚಗಿನ ನೀರಿನಲ್ಲಿ ನಾಯಿಗಳ ಶಾಂಪೂ ಹಾಕಿ ತೊಳೆಯಿರಿ. ಒಣಗುವವರೆಗೆ ನೆಕ್ಕದಂತೆ ನೋಡಿಕೊಳ್ಳಿ. ಎಣ್ಣೆಬಣ್ಣ ಬಿದ್ದರೆ ಸೀಮೆಎಣ್ಣೆ, ಟರ್ಪೆಂಟೈನ್ ಮುಟ್ಟಿಸಲೇಬೇಡಿ, ಅವು ಬಣ್ಣಕ್ಕಿಂತ ಹೆಚ್ಚು ಸುಡುತ್ತವೆ. ಸ್ವಲ್ಪ ಕೊಬ್ಬರಿ ಎಣ್ಣೆ ಹಚ್ಚಿ ಬಣ್ಣ ಮೆತ್ತಗಾದರೆ ಒರೆಸ��, ಗಟ್ಟಿಯಾಗಿದ್ದರೆ ಅಷ್ಟು ಕೂದಲನ್ನು ಕತ್ತರಿಸಿಬಿಡಿ. ಕಣ್ಣಿಗೆ ಬಿದ್ದಿದ್ದರೆ ಶುದ್ಧ ನೀರಿನಲ್ಲಿ ತೊಳೆಯುತ್ತ ತಡಮಾಡದೆ ಪಶು ಆಸ್ಪತ್ರೆಗೆ ಕರೆದೊಯ್ಯಿರಿ, ಬಣ್ಣದ ಡಬ್ಬಿಯನ್ನೂ ಜೊತೆಗೆ ಒಯ್ಯಿರಿ. ಕತ್ತರಿಸಿದ ಜಾಗದಲ್ಲಿ ಕೂದಲು ಮತ್ತೆ ಬರುತ್ತದೆ. ಅಲ್ಲಿಯವರೆಗೆ ನಾಯಿಯನ್ನು ಬಿಸಿಲಿಗೆ ಕಟ್ಟಬೇಡಿ.